ಮನೆಯೊಳಗಿನ ವಿಜ್ಞಾನ: ತಳ್ಳಿದರೆ ತಿರುಗುವ ಫ್ಯಾನು



ಕಳೆದ ಸಂಚಿಕೆಯಲ್ಲಿ ಪ್ರೆಶರ್ ಕುಕ್ಕರಿನ ಬಗ್ಗೆ ಬರೆದದ್ದನ್ನು ಓದಿ ನಿಮ್ಮಲ್ಲಿ ನಾಲ್ಕಾರು ಜನ ಫೋನು ಮಾಡಿದಿರಿ. ಒಬ್ಬ ಹುಡುಗ ಮಾತ್ರ, "ಆಂಟಿ, ನನಗೆ ಕನ್ನಡ ಓದೋಕೆ ಬರಲ್ಲ, ಅಮ್ಮ ಓದಿ ಹೇಳಿದರು" ಎಂದು ಸಂಕೋಚದಿಂದ ಹೇಳಿದ. ಅದಕ್ಕೇನಂತೆ, ಅಮ್ಮ ಓದುತ್ತಾರೆ, ಮಗ ಕೇಳುತ್ತಾನೆ. ಇಬ್ಬರೂ ಅರ್ಧ ಗಂಟೆ ಒಂದೇ ಕಡೆ ಕುಳಿತಂತಾಯಿತು. ಈ ಅಂಕಣಕ್ಕೆ ಅದಕ್ಕಿಂತ ದೊಡ್ಡ ಲಾಭ ಬೇಡ.

ಈ ಸಲದ ವಿಷಯವನ್ನು ನಾನು ಆರಿಸಲಿಲ್ಲ, ನೀವೇ ಕೊಟ್ಟಿರಿ. ರಾಜ್ಯೋತ್ಸವದ ಕೋಲಾಟದ ತಾಲೀಮು ನಡೆಯುತ್ತಿದ್ದ ದಿನ ನೆನಪಿದೆಯೇ? ಮುಂಬಯಿಯ ಅಕ್ಟೋಬರ್ ಸೆಕೆ. ಸಂಘದ ಸಭಾಗೃಹದಲ್ಲಿ ನಾಲ್ಕು ಫ್ಯಾನುಗಳಲ್ಲಿ ಮೂರು ತಿರುಗುತ್ತಿದ್ದವು. ವೇದಿಕೆಯ ಮೇಲಿನದು ಮಾತ್ರ ಗುಂಯ್ ಎನ್ನುತ್ತ ನಿಂತೇ ಇತ್ತು. ನಿಮ್ಮಲ್ಲೊಬ್ಬ ಉದ್ದನೆಯ ಹುಡುಗ ಕುರ್ಚಿ ಹತ್ತಿ ಕೋಲಾಟದ ಕೋಲಿನಿಂದಲೇ ರೆಕ್ಕೆಯನ್ನು ಒಮ್ಮೆ ತಳ್ಳಿದ. ಅದು ನಿಧಾನವಾಗಿ ಹೊರಟು ಜೋರು ಹಿಡಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದಿರಿ. ಆದರೆ ಗಾಳಿ ಮಾತ್ರ ಕೆಳಗೆ ಬರಲಿಲ್ಲ. ಅವನು ತಳ್ಳಿದ್ದು ಉಲ್ಟಾ ದಿಕ್ಕಿಗೆ. ಫ್ಯಾನು ಉಲ್ಟಾ ದಿಕ್ಕಿಗೇ ಸುಖವಾಗಿ ತಿರುಗುತ್ತ ಗಾಳಿಯನ್ನೆಲ್ಲ ಸೂರಿನ ಕಡೆಗೆ ಅಟ್ಟುತ್ತಿತ್ತು.

ಆಗ ಒಬ್ಬ ಹುಡುಗಿ ನನ್ನ ಹತ್ತಿರ ಬಂದು ಕೇಳಿದಳು. "ಆಂಟಿ, ಕೆಟ್ಟುಹೋಗಿದ್ದರೆ ತಳ್ಳಿದಾಗ ಯಾಕೆ ತಿರುಗುತ್ತೆ? ಸರಿ ಇದ್ದರೆ ತಾನಾಗಿ ಯಾಕೆ ತಿರುಗಲ್ಲ?"

ಬಹಳ ಒಳ್ಳೆಯ ಪ್ರಶ್ನೆ. ನಿಮ್ಮ ವಯಸ್ಸಿನಲ್ಲಿ ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು, ಕೇಳಲಿಲ್ಲ. ಅದಕ್ಕೆ ನಮ್ಮ ಮನೆಯಲ್ಲಿ ಒಬ್ಬ ಹಿರಿಯರು ಬೆಲೆ ತೆತ್ತರು. ಮೊದಲು ಆ ಕಥೆ ಹೇಳುತ್ತೇನೆ, ಆಮೇಲೆ ಉತ್ತರ.

1998ರ ಮೇ ತಿಂಗಳು. ನಾವಾಗ ಡೊಂಬಿವಲಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಫ್ಲಾಟಿನಲ್ಲಿದ್ದೆವು. ಮಾವನವರು ಧಾರವಾಡದಿಂದ ಔಷಧೋಪಚಾರಕ್ಕೆಂದು ನಮ್ಮಲ್ಲಿಗೆ ಬಂದಿದ್ದರು. ಅವರಿಗೆ ದಮ್ಮಿನ ತೊಂದರೆ. ಧಾರವಾಡದ ತಂಪಿಗೆ ಒಗ್ಗಿದ ದೇಹ, ಇಲ್ಲಿಯ ಬೆವರಿಗೆ ಒಗ್ಗಲಿಲ್ಲ. ಹಾಸಿಗೆಯ ನೇರಕ್ಕೆ ಮೇಲೆ ಒಂದು ಫ್ಯಾನು, ಅದೇ ಅವರಿಗೆ ಆಸರೆ. ಒಂದು ಸಂಜೆ ಅದು ಗುಂಯ್ ಎಂದು ನಿಂತುಬಿಟ್ಟಿತು. ನಮ್ಮ ಯಜಮಾನರು ರಾತ್ರಿ ಪಾಳಿಗೆ ಹೋಗಿದ್ದರು. ನಾನು ಮರುದಿನ ಬೆಳಿಗ್ಗೆ ಪೇಟೆಯಿಂದ ಒಬ್ಬ ರಿಪೇರಿಯವನನ್ನು ಕರೆಸಿದೆ. ಅವನು ಕೆಳಗಿನಿಂದಲೇ ಒಮ್ಮೆ ನೋಡಿ, "ಮೋಟಾರ್ ಜಲ್ ಗಯಾ, ವೈಂಡಿಂಗ್ ಮಾಡಿಸಬೇಕು" ಎಂದ. 350 ರೂಪಾಯಿ. ಮೂರು ದಿನ ಬೇಕು.

ನಾನು ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿದವಳು. ಶೇಕ್ಸ್‌ಪಿಯರನ ನಾಟಕದ ಬಗ್ಗೆ ಯಾರಾದರೂ ಹೀಗೆ ಅಡ್ಡಾದಿಡ್ಡಿ ಮಾತಾಡಿದ್ದರೆ ನಾಲ್ಕು ಪ್ರಶ್ನೆ ಕೇಳುತ್ತಿದ್ದೆ. ಫ್ಯಾನಿನ ವಿಷಯದಲ್ಲಿ ಬಾಯಿ ಬಿಡಲಿಲ್ಲ. "ಸುಟ್ಟಿದೆ ಅಂತ ಹೇಗೆ ಗೊತ್ತಾಯಿತು?" ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಹೆಂಗಸು, ಏನೂ ತಿಳಿಯದವಳು ಎಂದುಕೊಂಡಾನು ಎಂಬ ನಾಚಿಕೆ. ಕೇಳದೆ ಇದ್ದದ್ದರಿಂದ ಏನೂ ತಿಳಿಯದವಳಾಗಿಯೇ ಉಳಿದೆ.

ಅವನು ಫ್ಯಾನನ್ನು ಹೆಗಲ ಮೇಲೆ ಹೊತ್ತು ಹೋದ. ಮೂರು ರಾತ್ರಿ ಮಾವನವರು ಗೋಡೆಗೆ ದಿಂಬು ಇಟ್ಟುಕೊಂಡು ಕುಳಿತೇ ಕಳೆದರು. ನಾನು ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದೆ. ನಡುರಾತ್ರಿ ಮೀರಿದ ಮೇಲೆ ಅವರು, "ಸಾಕವಾ, ಮಲಕೋ. ಕೈ ನೋಯತಾವ. ನನಗೇನೂ ಆಗೂದಿಲ್ಲ" ಎನ್ನುತ್ತಿದ್ದರು. ಉಸಿರು ಎಳೆದುಕೊಳ್ಳುವುದರ ನಡುವೆ ಒಂದೊಂದೇ ಮಾತು. ಅವರು ಒಮ್ಮೆಯೂ ಫ್ಯಾನು ಯಾವಾಗ ಬರುತ್ತದೆ ಎಂದು ಕೇಳಲಿಲ್ಲ.

ನಾಲ್ಕನೆಯ ದಿನ ಫ್ಯಾನು ಬಂತು, ತಿರುಗಿತು. ಎರಡು ದಿನ ಕಳೆದು ಒಂದು ಸಂಜೆ ವೋಲ್ಟೇಜು ಇಳಿದಾಗ ಮತ್ತೆ ಅದೇ ಗುಂಯ್!

ಆ ಹೊತ್ತಿಗೆ ನಮ್ಮ ಮೇಲಿನ ಮಹಡಿಯ ಕಾಕಾ ಮಾವನವರನ್ನು ಮಾತಾಡಿಸಲು ಬಂದರು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾಗಿ ಮಗನ ಮನೆಯಲ್ಲಿದ್ದವರು. ಸ್ವಿಚ್ಚು ಆರಿಸಿ ಒಂದು ಸ್ಟೂಲು ಹತ್ತಿ ರೆಕ್ಕೆಯನ್ನು ಕೈಯಿಂದ ತಿರುಗಿಸಿದರು. ಬೆಣ್ಣೆಯಂತೆ ತಿರುಗಿತು. ಕೆಳಗಿಳಿದು ಸ್ವಿಚ್ಚು ಹಾಕಿಸಿ, ಕಸಬರಿಗೆಯ ಹಿಡಿಯಿಂದ ರೆಕ್ಕೆಯನ್ನು ಒಮ್ಮೆ ಈ ಕಡೆಗೆ ತಳ್ಳಿದರು. ಈ ಕಡೆಗೆ ಹೊರಟಿತು. ಆರಿಸಿ, ನಿಲ್ಲಿಸಿ, ಆ ಕಡೆಗೆ ತಳ್ಳಿದರು. ಆ ಕಡೆಗೆ ಹೊರಟಿತು.

"ನೋಡವಾ, ಹೆಂಗ ತಳ್ಳತೀ ಹಂಗ ತಿರಗತದ. ಅಂದ್ರ ಮೋಟಾರ್ ಚಲೋ ಅದ. ಕೆಪ್ಯಾಸಿಟರ್ ಸತ್ತದ, ಅಷ್ಟ."

ಮೋಟಾರಿಗೆ ಏನು ಮಾಡಿದ್ದರೋ ಏನೋ, ಹಳೆಯ ಕೆಪ್ಯಾಸಿಟರನ್ನು ಮಾತ್ರ ಹಾಗೆಯೇ ಬಿಟ್ಟಿದ್ದರು. ಕಾಕಾ ಅಂಗಡಿಗೆ ಹೋಗಿ ಕೆಲವೇ ರೂಪಾಯಿಗೆ ಬೆರಳುದ್ದದ ಒಂದು ಡಬ್ಬಿ ತಂದು ಜೋಡಿಸಿದರು. ಕಾಲು ಗಂಟೆಯ ಕೆಲಸ. ಮಾವನವರು ಆ ರಾತ್ರಿ ಮಲಗಿ ನಿದ್ದೆ ಮಾಡಿದರು. ನನಗೆ ಮಾತ್ರ ನಿದ್ದೆ ಬರಲಿಲ್ಲ. ಮೂರು ರಾತ್ರಿಯ ಕಷ್ಟ ಕಾಲು ಗಂಟೆಯದಾಗಿತ್ತಲ್ಲ!

ಮರುದಿನ ಕಾಕಾ ನನಗೆ ಪಾಠ ಹೇಳಿದರು. ಅದನ್ನೇ ನಿಮಗೆ ಹೇಳುತ್ತೇನೆ.

ಮೊದಲು ಫ್ಯಾನಿನ ಹೊಟ್ಟೆಯೊಳಗೆ ಏನಿದೆ ನೋಡೋಣ. ಸಾಮಾನ್ಯ ಮೋಟಾರಿನಲ್ಲಿ ಹೊರಗಿನ ಕವಚ ನಿಂತಿರುತ್ತದೆ, ನಡುವಿನ ದಂಡ ತಿರುಗುತ್ತದೆ. ಸೀಲಿಂಗ್ ಫ್ಯಾನಿನಲ್ಲಿ ಇದು ತಿರುವುಮುರುವು. ನಡುವಿನ ದಂಡ ಸೂರಿಗೆ ಬಿಗಿದ ಕೊಳವೆಗೆ ಸೇರಿ ಅಲ್ಲಾಡದೆ ನಿಂತಿರುತ್ತದೆ. ಅದರ ಸುತ್ತ ಕಬ್ಬಿಣದ ತಗಡುಗಳ ಅಟ್ಟಿ, ಅದರ ಸೀಳುಗಳಲ್ಲಿ ತಾಮ್ರದ ತಂತಿಯ ಸುರುಳಿಗಳು. ಹೊರಗಿನ ಕವಚವೇ ರೆಕ್ಕೆಗಳನ್ನು ಹೊತ್ತು ತಿರುಗುತ್ತದೆ. ತಿರುಗುವ ಈ ಭಾಗಕ್ಕೆ ರೋಟರ್ ಎಂದು ಹೆಸರು. ವಿಚಿತ್ರವೆಂದರೆ ರೋಟರಿಗೆ ವಿದ್ಯುತ್ತಿನ ತಂತಿ ಒಂದೂ ಹೋಗುವುದಿಲ್ಲ. ಅದರಲ್ಲಿ ಇರುವುದು ಅಲ್ಯೂಮಿನಿಯಮ್ಮಿನ ಸಲಾಕೆಗಳು, ಅವುಗಳ ತುದಿಗಳನ್ನು ಸೇರಿಸುವ ಬಳೆಗಳು, ಅಷ್ಟೇ.

ತಂತಿ ಇಲ್ಲದೆ ಅದು ತಿರುಗುವುದು ಹೇಗೆ? ಅಯಸ್ಕಾಂತದ ಪ್ರಭಾವ ಬದಲಾಗುತ್ತಿರುವ ಕಡೆ ಲೋಹದ ಮುಚ್ಚಿದ ಸುತ್ತೊಂದು ಇದ್ದರೆ ಅದರಲ್ಲಿ ತಾನಾಗಿಯೇ ವಿದ್ಯುತ್ತು ಹರಿಯುತ್ತದೆ. ಇದನ್ನು ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ. ಹಾಗೆ ವಿದ್ಯುತ್ತು ಹರಿದ ಲೋಹವನ್ನು ಅಯಸ್ಕಾಂತ ಎಳೆದಾಡುತ್ತದೆ. ಈಗ ಆ ಕಾಂತಪ್ರಭಾವವೇ ವೃತ್ತಾಕಾರದಲ್ಲಿ ಸುತ್ತುತ್ತಿದ್ದರೆ? ಲೋಹವೂ ಅದರ ಬೆನ್ನು ಹತ್ತಿ ಸುತ್ತುತ್ತದೆ. ಎರಡು ಸುರುಳಿಗಳಿಗೆ ಹಿಂದೆಮುಂದಾದ ಎರಡು ಪ್ರವಾಹಗಳನ್ನು ಕೊಟ್ಟು ಇಂಥ ಸುತ್ತುವ ಕಾಂತಕ್ಷೇತ್ರವನ್ನು ಹುಟ್ಟಿಸಬಹುದೆಂದು ಇಟಲಿಯ ಗೆಲಿಲಿಯೋ ಫೆರಾರಿಸ್ ಮತ್ತು ಅಮೆರಿಕೆಯಲ್ಲಿ ನೆಲೆಸಿದ್ದ ನಿಕೋಲಾ ಟೆಸ್ಲಾ ಬೇರೆಬೇರೆಯಾಗಿ ಯೋಚಿಸಿ 1888ರಲ್ಲಿ ಲೋಕಕ್ಕೆ ತಿಳಿಸಿದರು. ನಿಮ್ಮ ತಲೆಯ ಮೇಲೆ ತಿರುಗುವುದು ಅದೇ ಮೋಟಾರು.

ಇಲ್ಲೊಂದು ತೊಡಕಿದೆ. ಕಾರ್ಖಾನೆಗಳಿಗೆ ಮೂರು ಫೇಸಿನ ವಿದ್ಯುತ್ತು ಬರುತ್ತದೆ. ಮೂರೂ ಒಂದರ ಹಿಂದೆ ಒಂದು ಏರಿಳಿಯುವುದರಿಂದ ಕಾಂತಕ್ಷೇತ್ರ ತಾನಾಗಿ ಸುತ್ತುತ್ತದೆ. ನಮ್ಮ ಮನೆಯ ಸ್ವಿಚ್ಚಿಗೆ ಬರುವುದು ಒಂದೇ ಫೇಸು. ಅದು ಸೆಕೆಂಡಿಗೆ 50 ಆವರ್ತನೆಯಂತೆ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಹರಿಯುತ್ತದೆ. ಒಂದೇ ಬಗೆಯ ಸುರುಳಿಯಲ್ಲಿ ಅದು ಹರಿದರೆ ಕಾಂತಕ್ಷೇತ್ರ ಒಂದೇ ಗೆರೆಯ ಮೇಲೆ ಉಬ್ಬುತ್ತದೆ, ಕುಗ್ಗುತ್ತದೆ, ತಿರುಗುಮುರುಗಾಗುತ್ತದೆ. ಸುತ್ತುವುದಿಲ್ಲ.

ಇದನ್ನು ಹೇಳಲು ಕಾಕಾ ನಮ್ಮ ಬೀಸುಕಲ್ಲನ್ನು ತರಿಸಿದರು. ಮೆಂತೆಹಿಟ್ಟು ಬೀಸಲೆಂದು ಅತ್ತೆಯವರು ಧಾರವಾಡದಿಂದ ಹೊತ್ತು ತಂದಿದ್ದ ಪುಟ್ಟ ಕಲ್ಲು ಅದು. ನಿಮ್ಮಲ್ಲಿ ಅನೇಕರು ಬೀಸುಕಲ್ಲನ್ನು ನೋಡಿರಲಿಕ್ಕಿಲ್ಲ. ಎರಡು ಗುಂಡು ಕಲ್ಲುಗಳು, ಒಂದರ ಮೇಲೊಂದು. ಮೇಲಿನ ಕಲ್ಲಿನ ಅಂಚಿನಲ್ಲಿ ಒಂದು ಮರದ ಗೂಟ. ಗೂಟ ಹಿಡಿದು ತಿರುಗಿಸಿದರೆ ನಡುವಿನ ಕಣ್ಣಿಗೆ ಹಾಕಿದ ಕಾಳು ಹಿಟ್ಟಾಗಿ ಅಂಚಿನಿಂದ ಉದುರುತ್ತದೆ.

"ಗೂಟ ಹಿಡಿಯವಾ. ಗುಂಡಕ ತಿರಗಸಬ್ಯಾಡ. ಬರೇ ಮುಂದಕ ತಳ್ಳು, ಹಿಂದಕ ಎಳಿ" ಎಂದರು.

ಗೂಟ ನನ್ನ ಎದುರಿಗೆ ನೇರವಾಗಿ ನಿಂತಿತ್ತು. ತಳ್ಳಿದೆ, ಬಲವೆಲ್ಲ ನಡುವಿನ ಕೀಲಿಗೆ ಹೋಯಿತು. ಎಳೆದೆ, ಹಾಗೆಯೇ. ಕಲ್ಲು ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಕಾಕಾ ಬೆರಳಿನಿಂದ ಗೂಟವನ್ನು ಸ್ವಲ್ಪ ಬಲಕ್ಕೆ ದೂಡಿದರು. ಈಗ ತಳ್ಳಿ ಎಳೆದರೆ ಕಲ್ಲು ಬಲಕ್ಕೇ ತಿರುಗತೊಡಗಿತು, ಓಟ ಹಿಡಿದ ಮೇಲೆ ನನ್ನ ಬರೀ ಹಿಂದೆಮುಂದಿನ ಕೈಗೇ ಸಲೀಸಾಗಿ ಓಡಿತು. ನಿಲ್ಲಿಸಿ ಎಡಕ್ಕೆ ದೂಡಿದರು, ಎಡಕ್ಕೆ ಹೊರಟಿತು. ಕೋಲಾಟದ ಕೋಲು ಮಾಡಿದ್ದು ಇದೇ ಕೆಲಸ! ಹೋಲಿಕೆ ಪೂರ್ತಿ ಸರಿಯಲ್ಲ ಎಂದು ಎಂಜಿನಿಯರಿಂಗ್ ಓದುವವರು ಹೇಳಬಹುದು. ಮೋಟಾರಿನಲ್ಲಿ ನಿಂತ ರೋಟರನ್ನು ಕಾಂತಕ್ಷೇತ್ರ ಎರಡೂ ದಿಕ್ಕಿಗೆ ಸಮಸಮನಾಗಿ ಎಳೆಯುತ್ತದೆ, ಆದ್ದರಿಂದ ಅದು ಯಾವ ಕಡೆಗೂ ಹೊರಡದೆ ಗುಂಯ್ ಎನ್ನುತ್ತದೆ. ಒಮ್ಮೆ ಒಂದು ದಿಕ್ಕಿಗೆ ಹೊರಟರೆ ಆ ದಿಕ್ಕಿನ ಎಳೆತ ಹೆಚ್ಚಾಗುತ್ತದೆ, ಇನ್ನೊಂದು ಸೋಲುತ್ತದೆ. ಫಲ ಅದೇ.

ಆಮೇಲೆ ಕಾಕಾ ತಾವು ನನ್ನ ಎದುರಿಗಲ್ಲ, ಪಕ್ಕದ ಮೂಲೆಗೆ ಕುಳಿತು ಅದೇ ಗೂಟ ಹಿಡಿದರು. ನಾನು ತಳ್ಳಿ ಮುಗಿಸುವ ಹೊತ್ತಿಗೆ ಅವರು ತಳ್ಳಲು ಶುರು. ನಾನು ಎಳೆದು ಮುಗಿಸುವ ಹೊತ್ತಿಗೆ ಅವರು ಎಳೆಯಲು ಶುರು. ಇಬ್ಬರೂ ಮಾಡುವುದು ಬರೀ ಹಿಂದೆಮುಂದೆ, ಆದರೆ ಕಲ್ಲು ಎಲ್ಲಿಯೂ ಸಿಕ್ಕಿಕೊಳ್ಳದೆ, ಯಾರೂ ದೂಡದೆ, ನಿಂತಲ್ಲಿಂದ ತಾನೇ ಹೊರಟಿತು. ಅದೂ ಸದಾ ಒಂದೇ ದಿಕ್ಕಿಗೆ.

ಫ್ಯಾನಿನಲ್ಲಿ ಆ ಎರಡನೆಯ ಜೋಡಿ ಕೈ ಇದೆ. ಮುಖ್ಯ ಸುರುಳಿಗಳ ನಡುನಡುವೆ, ಪಕ್ಕಕ್ಕೆ ಸರಿಸಿ, ಇನ್ನೊಂದು ಗುಂಪು ಸುರುಳಿಗಳನ್ನು ಸುತ್ತಿರುತ್ತಾರೆ. ಇದಕ್ಕೆ ಸ್ಟಾರ್ಟಿಂಗ್ ಸುರುಳಿ ಎಂದು ಹೆಸರು. ಆದರೆ ಅದಕ್ಕೂ ಅದೇ ಹೊತ್ತಿನಲ್ಲಿ ಪ್ರವಾಹ ಬಂದರೆ ಪ್ರಯೋಜನವಿಲ್ಲ. ನಾನೂ ಕಾಕಾನೂ ಒಂದೇ ಕ್ಷಣಕ್ಕೆ ತಳ್ಳಿದಂತಾಗುತ್ತದೆ. ಹೊತ್ತನ್ನು ಹಿಂದುಮುಂದು ಮಾಡುವುದೇ ಕೆಪ್ಯಾಸಿಟರಿನ ಕೆಲಸ.

ತಂತಿಯ ಸುರುಳಿ ಎಂದರೆ ಬೆಳಿಗ್ಗೆ ಮೂರು ಸಲ ಕರೆದ ಮೇಲೆ ಏಳುವ ಮಗ. ವೋಲ್ಟೇಜು ಕರೆಯುತ್ತದೆ, ಪ್ರವಾಹ ತಡವಾಗಿ ಬರುತ್ತದೆ. ಕೆಪ್ಯಾಸಿಟರ್ ಅಲಾರಾಂಗೆ ಮೊದಲೇ ಎದ್ದು ಕುಳಿತುಕೊಳ್ಳುವ ಮಗಳು. ಅದರಲ್ಲಿ ಪ್ರವಾಹ ವೋಲ್ಟೇಜಿಗಿಂತ ಮುಂದಿರುತ್ತದೆ. ಸ್ಟಾರ್ಟಿಂಗ್ ಸುರುಳಿಯ ದಾರಿಯಲ್ಲಿ ಕೆಪ್ಯಾಸಿಟರನ್ನು ಇಟ್ಟರೆ ಅದರ ಪ್ರವಾಹ ಮುಖ್ಯ ಸುರುಳಿಯ ಪ್ರವಾಹಕ್ಕಿಂತ ಸುಮಾರು ಕಾಲು ಆವರ್ತನೆಯಷ್ಟು ಮೊದಲೇ ಬರುತ್ತದೆ. ಒಂದು ಆವರ್ತನೆಗೆ ಸೆಕೆಂಡಿನ 50ನೆಯ ಒಂದು ಭಾಗ. ಅದರಲ್ಲಿ ಕಾಲು ಎಂದರೆ 200ನೆಯ ಒಂದು ಭಾಗ. ಇಷ್ಟು ಸಣ್ಣ ಅಂತರದಿಂದ ಕಾಂತಕ್ಷೇತ್ರ ಸುತ್ತತೊಡಗುತ್ತದೆ, ಫ್ಯಾನು ಯಾರ ಕೋಲನ್ನೂ ಕಾಯದೆ ಹೊರಡುತ್ತದೆ. ಹೊರಟ ಮೇಲೂ ಸೀಲಿಂಗ್ ಫ್ಯಾನಿನಲ್ಲಿ ಈ ಕೆಪ್ಯಾಸಿಟರ್ ಕೆಲಸ ಬಿಡುವುದಿಲ್ಲ, ಕೊನೆಯವರೆಗೂ ಜೊತೆಗಿರುತ್ತದೆ.

ಈ ಡಬ್ಬಿಯ ಮೇಲೆ ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್ ಎಂದು ಬರೆದಿರುತ್ತದೆ. ಒಳಗೆ ಇರುವುದು ತೆಳ್ಳನೆಯ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಇನ್ನೂ ತೆಳ್ಳನೆಯ ಲೋಹದ ಲೇಪ. ಎರಡು ಹಾಳೆಗಳನ್ನು ಸೇರಿಸಿ ನಮ್ಮ ಸುರಳಿ ವಡಿಯ ಹಾಗೆ ಸುತ್ತಿರುತ್ತಾರೆ. ವರ್ಷಗಳು ಕಳೆದಂತೆ, ಸೆಕೆಗೂ ವೋಲ್ಟೇಜಿನ ಹೊಡೆತಕ್ಕೂ ಅಲ್ಲಲ್ಲಿ ಚುಕ್ಕೆಯಷ್ಟು ಲೇಪ ಸುಟ್ಟು ಹಾರಿಹೋಗುತ್ತದೆ. ಹೀಗೆ ಅದರ ಶಕ್ತಿ ಸ್ವಲ್ಪಸ್ವಲ್ಪವಾಗಿ ಕುಗ್ಗುತ್ತದೆ. "ಮೊದಲಿನ ಹಾಗೆ ಗಾಳಿಯೇ ಬರುವುದಿಲ್ಲ" ಎಂದು ನಿಮ್ಮ ಅಜ್ಜಿ ಹೇಳಿದರೆ ಅದು ವಯಸ್ಸಿನ ಗೊಣಗಾಟ ಎಂದುಕೊಳ್ಳಬೇಡಿ. ಅಜ್ಜಿ ಹೇಳುವುದು ನಿಜವಿರಬಹುದು. ಕೊನೆಗೊಂದು ದಿನ, ವೋಲ್ಟೇಜು ಕಡಿಮೆ ಇರುವ ಹೊತ್ತಿನಲ್ಲಿ, ಫ್ಯಾನು ಹೊರಡುವುದೇ ಇಲ್ಲ. ನಮ್ಮ ಮನೆಯಲ್ಲಿ ಆದದ್ದು ಅದೇ.

ಈಗ ರೆಗ್ಯುಲೇಟರಿನ ವಿಷಯಕ್ಕೆ ಬರೋಣ. ಒಂದರಿಂದ ಐದರವರೆಗೆ ತಿರುಗಿಸಿದಾಗ ನಿಜವಾಗಿ ಏನಾಗುತ್ತದೆ?

ಫ್ಯಾನಿನ ಕಾಂತಕ್ಷೇತ್ರ ಎಷ್ಟು ವೇಗವಾಗಿ ಸುತ್ತಬೇಕೆಂಬುದು ಎರಡು ಸಂಗತಿಗಳಿಂದ ನಿರ್ಧಾರವಾಗುತ್ತದೆ. ವಿದ್ಯುತ್ತಿನ 50 ಆವರ್ತನೆ ಮತ್ತು ಸುರುಳಿಗಳಿಂದಾದ ಧ್ರುವಗಳ ಸಂಖ್ಯೆ. 16 ಧ್ರುವಗಳಿದ್ದರೆ ನಿಮಿಷಕ್ಕೆ 375 ಸುತ್ತು, 18 ಇದ್ದರೆ 333. ರೆಕ್ಕೆಗಳು ಯಾವಾಗಲೂ ಅದಕ್ಕಿಂತ ಸ್ವಲ್ಪ ಹಿಂದೆ. ಸರಿಸಮನಾಗಿ ಓಡಿದರೆ ರೋಟರಿನ ಪಾಲಿಗೆ ಏನೂ ಬದಲಾಗುವುದಿಲ್ಲ, ಅದರಲ್ಲಿ ವಿದ್ಯುತ್ತು ಹುಟ್ಟುವುದಿಲ್ಲ, ಎಳೆತವೂ ಇರುವುದಿಲ್ಲ. ಆದ್ದರಿಂದ ಹಿಂದುಳಿಯಲೇಬೇಕು.

ರೆಗ್ಯುಲೇಟರ್ ಈ ಸುತ್ತುವ ಕಾಂತಕ್ಷೇತ್ರದ ವೇಗವನ್ನು ಬದಲಿಸುವುದಿಲ್ಲ! ಫ್ಯಾನಿಗೆ ಸಿಗುವ ವೋಲ್ಟೇಜನ್ನು ಕಡಿಮೆ ಮಾಡಿ ಅದರ ಹಿಡಿತವನ್ನು ಸಡಿಲಿಸುತ್ತದೆ. ಹಿಡಿತ ಸಡಿಲವಾದಾಗ ರೆಕ್ಕೆಗಳು ಗಾಳಿಯ ತಡೆಗೆ ಸೋತು ಇನ್ನಷ್ಟು ಹಿಂದುಳಿಯುತ್ತವೆ. ವೇಗ ಕಡಿಮೆಯಾದಂತೆ ಗಾಳಿಯ ತಡೆಯೂ ತೀರ ಕಡಿಮೆಯಾಗುವುದರಿಂದ ಒಂದು ಹಂತದಲ್ಲಿ ಎರಡೂ ಸರಿದೂಗಿ ಫ್ಯಾನು ನಿಧಾನಗತಿಯಲ್ಲಿ ನೆಲೆಗೊಳ್ಳುತ್ತದೆ. ಈ ಉಪಾಯ ಫ್ಯಾನಿಗೆ ಮಾತ್ರ ಒಗ್ಗುತ್ತದೆ. ನೀರಿನ ಪಂಪಿಗೋ ಹಿಟ್ಟು ರುಬ್ಬುವ ಗ್ರೈಂಡರಿಗೋ ಫ್ಯಾನಿನ ರೆಗ್ಯುಲೇಟರ್ ಜೋಡಿಸಲು ಹೋಗಬೇಡಿ. ವೇಗ ತಗ್ಗಿಸಿದರೆ ಅಕ್ಕಿ ಉದ್ದಿನ ಭಾರವೇನೂ ತಗ್ಗುವುದಿಲ್ಲ. ಮೋಟಾರು ನಿಂತು ಸುಡುತ್ತದೆ.

ಇನ್ನೊಂದು ಮಾತು. ವೋಲ್ಟೇಜು ಅರ್ಧವಾದರೆ ಹೊರಡುವ ಬಲ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಹಳೆಯ ಫ್ಯಾನು ಒಂದರಲ್ಲಿ ಇಟ್ಟಾಗ ಹೊರಡುವುದಿಲ್ಲ, ಐದರಲ್ಲಿ ಹೊರಡುತ್ತದೆ. ಮೊದಲು ಐದಕ್ಕೆ ಇಟ್ಟು ಆಮೇಲೆ ಇಳಿಸಿ. ಹೀಗೆ ಮಾಡಬೇಕಾಗಿ ಬಂದರೆ ಕೆಪ್ಯಾಸಿಟರಿಗೆ ವಯಸ್ಸಾಗಿದೆಯೋ ಬೇರಿಂಗು ಬಿಗಿದಿದೆಯೋ ಎಂದು ಪರೀಕ್ಷಿಸುವ ಕಾಲ ಬಂದಿದೆ ಎಂದು ತಿಳಿಯಿರಿ.

ವೋಲ್ಟೇಜು ಕಡಿಮೆ ಮಾಡುವ ಬಗೆಗಳು ಕಾಲಕ್ಕೆ ತಕ್ಕಂತೆ ಬದಲಾಗಿವೆ. ನಮ್ಮ ಮನೆಯಲ್ಲಿದ್ದದ್ದು ಇಟ್ಟಿಗೆಯಷ್ಟು ದಪ್ಪನೆಯ ಕರಿಯ ಪೆಟ್ಟಿಗೆ. ಅದರೊಳಗೆ ಪಿಂಗಾಣಿಯ ಮೇಲೆ ಸುತ್ತಿದ ತಂತಿ. ಗುಂಡಿಯನ್ನು ಇಳಿಸಿದಷ್ಟೂ ಹೆಚ್ಚು ಉದ್ದದ ತಂತಿಯನ್ನು ವಿದ್ಯುತ್ತು ಹಾಯಬೇಕು. ಅಷ್ಟು ವೋಲ್ಟೇಜು ಅಲ್ಲಿಯೇ ಶಾಖವಾಗಿ ಕಳೆದುಹೋಗುತ್ತಿತ್ತು. ಮಳೆಗಾಲದಲ್ಲಿ ಅತ್ತೆಯವರು ಮೆತ್ತಗಾದ ಬೆಂಕಿಪೊಟ್ಟಣವನ್ನು ಆ ಪೆಟ್ಟಿಗೆಯ ಮೇಲೆ ಒಣಗಲು ಇಡುತ್ತಿದ್ದರು. ಈಗ ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ. ಗಾಳಿ ಕಡಿಮೆ ಮಾಡಿ ಉಳಿಸಿದೆವೆಂದುಕೊಂಡ ವಿದ್ಯುತ್ತಿನಲ್ಲಿ ಒಂದು ಪಾಲು ಬೆಂಕಿಪೊಟ್ಟಣ ಒಣಗಿಸಲು ಹೋಗುತ್ತಿತ್ತು.

ಆಮೇಲೆ ಬಂದದ್ದು ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಸ್ವಿಚ್ಚಿನ ಹಲಗೆಯಲ್ಲಿಯೇ ಕೂಡುವ ಪುಟ್ಟ ಗುಂಡಿ. ಹಂತಗಳಿಲ್ಲದೆ ನುಣ್ಣಗೆ ತಿರುಗುವ ಬಗೆಯದರಲ್ಲಿ ಟ್ರಯಾಕ್ ಎಂಬ ಬಿಡಿಭಾಗವಿರುತ್ತದೆ. ಅದು ಸೆಕೆಂಡಿಗೆ 100 ಸಲ ವಿದ್ಯುತ್ತಿಗೆ ಬಾಗಿಲು ತೆರೆಯುವ ಕಾವಲುಗಾರ. ನಿಧಾನಗತಿ ಬೇಕೆಂದರೆ ಪ್ರತಿ ಸಲವೂ ಬಾಗಿಲನ್ನು ಸ್ವಲ್ಪ ತಡವಾಗಿ ತೆರೆಯುತ್ತದೆ. ಶಾಖದ ನಷ್ಟ ಬಹಳ ಕಡಿಮೆ. ಆದರೆ ಅಲೆಯನ್ನು ಹೀಗೆ ಕತ್ತರಿಸಿ ಕೊಡುವುದರಿಂದ ಕೆಲವು ಫ್ಯಾನುಗಳು ನಿಧಾನಗತಿಯಲ್ಲಿ ಗುನುಗುಟ್ಟುತ್ತವೆ. ರಾತ್ರಿ ಓದುವಾಗ ಆ ಸದ್ದು ನಿಮಗೆ ಕಿರಿಕಿರಿ ಮಾಡಿದರೆ ಫ್ಯಾನು ಹಾಳಾಯಿತೆಂದು ಗಾಬರಿ ಬೇಡ.

ಟಕ್ ಟಕ್ ಎಂದು ಹಂತಹಂತವಾಗಿ ತಿರುಗುವ ರೆಗ್ಯುಲೇಟರುಗಳಲ್ಲಿ ಸಾಮಾನ್ಯವಾಗಿ ಇರುವುದು ಮತ್ತೆ ನಮ್ಮ ಹಳೆಯ ಗೆಳತಿ, ಕೆಪ್ಯಾಸಿಟರ್. ಬೇರೆಬೇರೆ ಅಳತೆಯ ಎರಡು ಮೂರು ಕೆಪ್ಯಾಸಿಟರುಗಳನ್ನು ಒಂಟಿಯಾಗಿಯೋ ಜೋಡಿಯಾಗಿಯೋ ಫ್ಯಾನಿನ ದಾರಿಯಲ್ಲಿ ನಿಲ್ಲಿಸುತ್ತಾರೆ. ಐದರಲ್ಲಿ ಯಾವುದೂ ಅಡ್ಡವಿಲ್ಲ, ನೇರ ದಾರಿ. ಕೆಪ್ಯಾಸಿಟರ್ ತೆಗೆದುಕೊಂಡದ್ದನ್ನು ಮರುಕ್ಷಣವೇ ಹಿಂದಿರುಗಿಸುತ್ತದೆ, ಸುಟ್ಟು ಕಳೆಯುವುದಿಲ್ಲ. ಆದ್ದರಿಂದ ಈ ಬಗೆ ಬಿಸಿಯಾಗುವುದೂ ಇಲ್ಲ, ಗುನುಗುವುದೂ ಇಲ್ಲ. ಟೇಬಲ್ ಫ್ಯಾನಿಗೆ ಮಾತ್ರ ಗೋಡೆಯ ರೆಗ್ಯುಲೇಟರ್ ಬೇಡ. ಅದರ ಬುಡದ ಗುಂಡಿಗಳು ಸಾಮಾನ್ಯವಾಗಿ ಮೋಟಾರಿನ ಸುರುಳಿಯಲ್ಲಿಯೇ ಬೇರೆಬೇರೆ ಕಡೆಯಿಂದ ತೆಗೆದ ತಂತಿಗಳಿಗೆ ಸೇರಿರುತ್ತವೆ.

ಈಗ ನಿಮ್ಮ ಕಾಲದ್ದು ಬಿಎಲ್‌ಡಿಸಿ ಫ್ಯಾನು. ಇದರ ರೋಟರಿನಲ್ಲಿ ಅಲ್ಯೂಮಿನಿಯಮ್ ಸಲಾಕೆಗಳ ಬದಲು ಕಾಯಂ ಅಯಸ್ಕಾಂತಗಳು. ಒಳಗಿನ ಎಲೆಕ್ಟ್ರಾನಿಕ್ ಹಲಗೆ ಯಾವ ಕ್ಷಣಕ್ಕೆ ಯಾವ ಸುರುಳಿಗೆ ವಿದ್ಯುತ್ತು ಕೊಡಬೇಕೆಂದು ತಾನೇ ನಿರ್ಧರಿಸಿ ಕಾಂತಕ್ಷೇತ್ರವನ್ನು ಬೇಕಾದ ವೇಗದಲ್ಲಿ ಸುತ್ತಿಸುತ್ತದೆ. ಸ್ಟಾರ್ಟಿಂಗ್ ಕೆಪ್ಯಾಸಿಟರಿನ ಗೊಡವೆಯಿಲ್ಲ. ಸಾಮಾನ್ಯ 48 ಇಂಚಿನ ಫ್ಯಾನು ಪೂರ್ಣ ವೇಗದಲ್ಲಿ 75 ವ್ಯಾಟಿನಷ್ಟು ತೆಗೆದುಕೊಂಡರೆ ಇದಕ್ಕೆ ಸುಮಾರು 30 ಸಾಕು. ಅಂದರೆ ಒಂದು ಯೂನಿಟ್ ವಿದ್ಯುತ್ತಿನಲ್ಲಿ ಹಳೆಯದು 13 ಗಂಟೆ ತಿರುಗಿದರೆ ಇದು 33 ಗಂಟೆ ತಿರುಗುತ್ತದೆ. 2023ರ ಜನವರಿಯಿಂದ ನಮ್ಮ ದೇಶದಲ್ಲಿ ಸೀಲಿಂಗ್ ಫ್ಯಾನುಗಳ ಮೇಲೆ ನಕ್ಷತ್ರದ ಚೀಟಿ ಕಡ್ಡಾಯವಾಗಿದೆ, ಕೊಳ್ಳುವಾಗ ನೋಡಿ. ಬಿಎಲ್‌ಡಿಸಿ ಫ್ಯಾನು ಹಾಕಿಸಿದರೆ ಗೋಡೆಯ ಹಳೆಯ ರೆಗ್ಯುಲೇಟರನ್ನು ಅದರ ದಾರಿಯಿಂದ ತೆಗೆಸಿಬಿಡಿ. ಕತ್ತರಿಸಿದ ವಿದ್ಯುತ್ತು ಅದಕ್ಕೆ ಒಗ್ಗುವುದಿಲ್ಲ.

ಕೊನೆಗೆ, ಕಾಕಾ ಕಲಿಸಿದ ಪರೀಕ್ಷೆಯನ್ನು ಬರೆದಿಟ್ಟುಕೊಳ್ಳಿ. ಫ್ಯಾನು ನಿಂತರೆ ಮೊದಲು ಸ್ವಿಚ್ಚು ಆರಿಸಿ. ಗುಂಯ್ ಎನ್ನುತ್ತ ನಿಂತ ಫ್ಯಾನನ್ನು ಹಾಗೆಯೇ ಬಿಟ್ಟರೆ ಸುರುಳಿ ಕಾದು, ಇಲ್ಲದ ರೋಗ ನಿಜವಾಗಿಯೂ ಬರುತ್ತದೆ. ಆರಿಸಿದ ಮೇಲೆ ರೆಕ್ಕೆಯನ್ನು ಕೈಯಿಂದ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಬೇರಿಂಗಿನ ತೊಂದರೆ. ಹಗುರವಾಗಿ ತಿರುಗುತ್ತದೆ, ಆದರೆ ಸ್ವಿಚ್ಚು ಹಾಕಿದಾಗ ಗುಂಯ್ ಎಂದು ನಿಲ್ಲುತ್ತದೆ ಎಂದಾದರೆ ಹೆಚ್ಚಿನ ಮಟ್ಟಿಗೆ ಕೆಪ್ಯಾಸಿಟರ್. ಸದ್ದೇ ಇಲ್ಲದಿದ್ದರೆ ವಿದ್ಯುತ್ತು ಒಳಗೆ ಹೋಗುತ್ತಿಲ್ಲ ಎಂದು ಅರ್ಥ. ಸ್ವಿಚ್ಚು, ರೆಗ್ಯುಲೇಟರ್, ತಂತಿಯ ಜೋಡಣೆಗಳನ್ನು ನೋಡಿಸಿ. ಸುರುಳಿಯೇ ಕಡಿದಿರಲೂಬಹುದು. ಕೋಲಿನಿಂದ ತಳ್ಳುವ ಆಟ ಇನ್ನು ಬೇಡ, ಕೈಯಿಂದಂತೂ ಬೇಡವೇ ಬೇಡ. ಕೆಪ್ಯಾಸಿಟರ್ ಬದಲಿಸುವ ಕೆಲಸವನ್ನು ತಿಳಿದವರಿಂದ, ಮೇನ್ ಸ್ವಿಚ್ಚು ಆರಿಸಿದ ಮೇಲೆಯೇ ಮಾಡಿಸಿ. ಅದೂ ಹಳೆಯದರ ಮೇಲೆ ಬರೆದ ಅಳತೆಯದನ್ನೇ ಹಾಕಿಸಿ. ದೊಡ್ಡದು ಹಾಕಿದರೆ ಗಾಳಿ ಹೆಚ್ಚು ಬರುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಸುರುಳಿ ಹೆಚ್ಚು ಕಾಯುತ್ತದೆ.

ರಿಪೇರಿಯವರೆಲ್ಲ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಸಂಘದ ಸಭಾಗೃಹದ ಫ್ಯಾನಿಗೆ ಬಂದ ಹುಡುಗ ನನ್ನ ಮಾತು ಕೇಳಿ, "ಬರೋಬ್ಬರ್ ಬೋಲಾ ಆಂಟಿ" ಎಂದು ನಕ್ಕು, ಕೆಪ್ಯಾಸಿಟರ್ ಒಂದನ್ನೇ ಬದಲಿಸಿ ಹೋದ. ಈಗ ಆ ಫ್ಯಾನು ತಾನಾಗಿಯೇ ಹೊರಡುತ್ತದೆ, ಗಾಳಿಯೂ ಕೆಳಕ್ಕೇ ಬರುತ್ತದೆ. ಬಂದು ನೋಡಿ.

ಮಾವನವರು 1999ರ ಜನವರಿಯಲ್ಲಿ ಧಾರವಾಡದಲ್ಲಿ ತೀರಿಕೊಂಡರು. ಅದಕ್ಕೂ ಆ ಮೂರು ರಾತ್ರಿಗಳಿಗೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದ್ದರು, ನಾನೂ ಬಲ್ಲೆ. ಆದರೂ ಕರೆಂಟು ಹೋಗಿ ಬಂದಾಗ ಫ್ಯಾನು ಹೊರಡುವ ಆ ಮೊದಲ ಸುತ್ತನ್ನು ನಾನು ಇವತ್ತಿಗೂ ತಲೆಯೆತ್ತಿ ನೋಡುತ್ತೇನೆ.

ನಿಮ್ಮ ಮನೆಗಳಲ್ಲಿಯೂ ಊರಿನಿಂದ ಬಂದ ಅಜ್ಜ ಅಜ್ಜಿಯರು ಇರುತ್ತಾರೆ. ಅವರು ಕೇಳುವುದಿಲ್ಲ, ತಡೆದುಕೊಳ್ಳುತ್ತಾರೆ. ಅವರ ಪರವಾಗಿ ಕೇಳಬೇಕಾದವರು ನೀವು. ಯಾವ ಭಾಷೆಯಲ್ಲಿಯಾದರೂ ಕೇಳಿ, ತಪ್ಪುತಪ್ಪಾಗಿ ಕೇಳಿ, ನಾಚಿಕೆ ಬಿಟ್ಟು ಕೇಳಿ. ಕೋಲು ಹಿಡಿದ ಹುಡುಗನಿಗೂ, ಪ್ರಶ್ನೆ ಕೇಳಿದ ಹುಡುಗಿಗೂ ನನ್ನ ಆಶೀರ್ವಾದ.

ಮುಂದಿನ ಸಂಚಿಕೆಯಲ್ಲಿ ಫ್ರಿಜ್ಜಿನ ಹಿಂಬದಿ ಯಾಕೆ ಬಿಸಿಯಾಗಿರುತ್ತದೆ ಎಂಬುದನ್ನು ನೋಡೋಣ. ಅಲ್ಲಿಯವರೆಗೆ ನಿಮ್ಮ ಮನೆಯ ಫ್ಯಾನು ಯಾವ ದಿಕ್ಕಿಗೆ ತಿರುಗುತ್ತದೆ, ಯಾವ ಅಂಕೆಯಲ್ಲಿ ಹೊರಡುತ್ತದೆ ಎಂದು ಗಮನಿಸಿ ನನಗೆ ತಿಳಿಸಿ. ಕನ್ನಡದಲ್ಲಿ ಎರಡು ಸಾಲು ಬರೆದರೆ ಇನ್ನೂ ಸಂತೋಷ.